ತಳದ ರುಚಿ

“ಸಮುದ್ರವನ್ನ ಏನು ನಿಮ್ಮಪ್ಪ ಬರೆಸ್ಕೊಂಡಿದ್ನೇನೋ, ಬೋಳಿಮಗನೆ?”

ಧಣಿಯವರು ಈ ಪ್ರಶ್ನೆಯನ್ನು ಕೇಳಿದಾಗ ನಾನು ಮಂಡಿಯೂರಿ, ಕಬ್ಬಿಣದ ಅಚ್ಚಿನೊಳಕ್ಕೆ ತಲೆಯಿಟ್ಟು, ಕಂಬಿಗೆ ತಂತಿ ಸುತ್ತುತ್ತಿದ್ದೆ. ಪ್ರಶ್ನೆಗೆ ಎರಡು ಅಂಗಗಳಿದ್ದವು: ಒಂದು ನನ್ನ ತಂದೆಯ ಆಸ್ತಿಯನ್ನು ಕುರಿತದ್ದು, ಇನ್ನೊಂದು ನನ್ನ ತಾಯಿಯನ್ನು ಕುರಿತದ್ದು. ಮೊದಲನೆಯದಕ್ಕೆ ಇಲ್ಲವೆಂಬ ಉತ್ತರ ಸಿದ್ಧವಾಗಿಯೇ ಇತ್ತು. ಎರಡನೆಯದನ್ನು ಅವರು ಪ್ರಶ್ನೆಯಾಗಿ ಅಲ್ಲ, ಸಂಬೋಧನೆಯಾಗಿ ಬಳಸಿದ್ದರು. ಅದಕ್ಕೆ ಉತ್ತರ ಬೇಕಿರಲಿಲ್ಲ. ತಲೆಯನ್ನು ಹೊರಗೆ ತೆಗೆದು “ಇಲ್ಲ ಧಣಿ” ಎಂದೆ. ವಾದದಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

ನಾನು ಮಾಡಿದ ತಪ್ಪು ಇಷ್ಟೇ. ಇನ್ನು ಮುಂದಿನ ಬಂಡೆಗಳನ್ನಾದರೂ ಹೊಳೆಬಾಯಿಯ ಕೆಸರಿನಲ್ಲಿ ಇಳಿಸುವ ಬದಲು ದಕ್ಷಿಣದ ಗಟ್ಟಿ ತಳದ ಮೇಲೆ ಇಳಿಸಬಹುದಲ್ಲವೇ ಎಂದು ಮೇಸ್ತ್ರಿಯ ಕಿವಿಯಲ್ಲಿ ಪಿಸುಗುಟ್ಟಿದ್ದೆ. ಮೇಸ್ತ್ರಿಯ ಕಿವಿಗೂ ಧಣಿಯ ಕಿವಿಗೂ ನಡುವೆ ಗೋಡೆಯಿಲ್ಲವೆಂಬ ಲೋಕಪ್ರಸಿದ್ಧ ಸತ್ಯವನ್ನು ಮರೆತಿದ್ದೆ.

“ಕೆಸರು ಅಂತೀಯಾ ಈಗ? ಆಫೀಸಲ್ಲಿ ಸಾಹೇಬ್ರ ಮುಂದೆ ಕೂತು ಗಟ್ಟಿ ಅಂದೋನು ಯಾರು? ನಿಮ್ಮಜ್ಜನಾ?”

“ನಾನೇ ಧಣಿ.”

“ಮತ್ತೆ ಮುಚ್ಕೊಂಡು ಕಂಬಿ ಕಟ್ಟು. ಮಣ್ಣು ನೆಕ್ಕೊಂಡು ಬದುಕೋ ನನ್ಮಗ, ನನಗೆ ಸಮುದ್ರ ಕಲಿಸಕ್ಕೆ ಬಂದ.”

ಹೀಗೆಂದು ಅವರು ಪಕ್ಕದಲ್ಲಿದ್ದ ಬಾಂಡ್ಲಿಯನ್ನು ಒದ್ದರು. ಕಲಸಿದ ಕಾಂಕ್ರೀಟು ನನ್ನ ತೊಡೆಯ ಮೇಲೆ ಬಿತ್ತು. ಸುತ್ತಲಿದ್ದ ಹತ್ತಿಪ್ಪತ್ತು ಜನ ನಕ್ಕರು. ಧಣಿಯ ಹಾಸ್ಯಕ್ಕೆ ನಗದವನಿಗೆ ಮರುದಿನ ಕೆಲಸವಿರುವುದಿಲ್ಲವಾದ್ದರಿಂದ ನಾನೂ ನಕ್ಕೆ. ಬಹುಶಃ ಎಲ್ಲರಿಗಿಂತ ಜೋರಾಗಿಯೇ ನಕ್ಕೆ. ನಗದೆ ಇದ್ದವಳು ಒಬ್ಬಳೇ. ಅವಳು ತಲೆಯ ಮೇಲೆ ಜಲ್ಲಿಯ ಬಾಂಡ್ಲಿ ಹೊತ್ತು ಹತ್ತು ಹೆಜ್ಜೆಯಾಚೆ ಹೋಗುತ್ತಿದ್ದ ನನ್ನ ಹೆಂಡತಿ. ಅವಳು ನನ್ನ ಕಡೆ ನೋಡಲೂ ಇಲ್ಲ. ನನ್ನೊಡನೆ ಮಾತು ಬಿಟ್ಟು ಆಗಲೇ ನಾಲ್ಕು ತಿಂಗಳಾಗಿತ್ತು.

ನಾವು ಕಟ್ಟುತ್ತಿದ್ದುದು ಮೀನಿಗೆ ಮನೆ. ಕಡತದಲ್ಲಿ ಅದಕ್ಕೆ ಕೃತಕ ಬಂಡೆ ಎಂದು ಹೆಸರು. ಎದೆಯೆತ್ತರದ ಟೊಳ್ಳು ಕಾಂಕ್ರೀಟ್ ಪೆಟ್ಟಿಗೆ. ನಾಲ್ಕು ಪಕ್ಕಕ್ಕೂ ಮೂರು ಮೂರು ದುಂಡು ಕಿಟಕಿ. ಇಂಥವನ್ನು ದಡದ ಹತ್ತಿರದ ನೀರಿನಲ್ಲಿ ಸಾಲಾಗಿ ಇಳಿಸಿದರೆ ಮೊದಲು ಪಾಚಿ ಹಿಡಿಯುತ್ತದೆ, ಆಮೇಲೆ ಚಿಪ್ಪು ಅಂಟುತ್ತದೆ, ಚಿಪ್ಪು ತಿನ್ನಲು ಸಣ್ಣ ಮೀನು, ಸಣ್ಣದನ್ನು ತಿನ್ನಲು ದೊಡ್ಡ ಮೀನು ಬರುತ್ತವೆ. ನಮ್ಮ ಗುಡಿಸಲುಗಳಿಗೆ ಒಂದೂ ಕಿಟಕಿಯಿಲ್ಲ. ಮೀನಿನ ಮನೆಗೆ ಹನ್ನೆರಡು. ಗೃಹಪ್ರವೇಶಕ್ಕೆ ಬರುವ ಮೀನು ನಮ್ಮನ್ನು ಕಂಡು ಮರುಗುತ್ತದೆಯೋ ಏನೋ ಎಂದು ನಾವು ಹೇಳಿಕೊಂಡು ನಗುತ್ತಿದ್ದೆವು.

ಮೀನಿಗೆ ಮನೆ ಇಲ್ಲದಂತಾದದ್ದು ಧಣಿಯವರಿಂದಲೇ. ಅವರವು ಆರು ಟ್ರಾಲರುಗಳು. ತಳವನ್ನು ಗೋರುವ ಆ ಬಲೆಗಳು ದಡದ ಸಮೀಪಕ್ಕೆ ಬರಕೂಡದೆಂದು ಕಾನೂನಿದೆ. ಬೆಳಗಾಗುವ ಹೊತ್ತಿಗೆ ಅವು ದಿನವೂ ಬರುತ್ತಿದ್ದವು. ಕಲ್ಲು, ಪಾಚಿ, ಮೊಟ್ಟೆ, ಮರಿ ಎಲ್ಲವನ್ನೂ ಹಜಾಮನು ತಲೆ ಬೋಳಿಸುವಷ್ಟು ಶ್ರದ್ಧೆಯಿಂದ ಬೋಳಿಸಿ ಹೋಗುತ್ತಿದ್ದವು. ಸಣ್ಣ ದೋಣಿಯ ನಾವು ಬರಿಗೈಯಲ್ಲಿ ಮರಳಿ, ಕಡೆಗೆ ದೋಣಿಯನ್ನು ದಡಕ್ಕೆ ಬೋರಲು ಹಾಕಿ ಕೂಲಿಗೆ ನಿಂತೆವು. ಆಗ ಸರ್ಕಾರಕ್ಕೆ ಕರುಣೆ ಹುಟ್ಟಿ ಮುನ್ನೂರು ಬಂಡೆ ಮಂಜೂರಾಯಿತು. ಅವುಗಳನ್ನು ಎರಕ ಹೊಯ್ದು ಇಳಿಸುವ ಗುತ್ತಿಗೆ ಧಣಿಗೇ ಸಿಕ್ಕಿತು. ಮನೆ ಕೆಡವಿದವನೇ ಮನೆ ಕಟ್ಟುವ ಗುತ್ತಿಗೆದಾರ, ಮನೆ ಕಳೆದುಕೊಂಡವರೇ ಕೂಲಿಗಳು. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯನ್ನು ಬ್ರಹ್ಮನೂ ಮಾಡಲಾರ.

ಆದರೂ ನಮಗೊಂದು ಆಸೆಯಿತ್ತು. ಬಂಡೆಗಳು ದಕ್ಷಿಣದ ಗಟ್ಟಿ ಪಟ್ಟಿಯ ಮೇಲೆ ನಿಂತರೆ ಗೋರುವ ಬಲೆ ಅವಕ್ಕೆ ಸಿಕ್ಕಿ ಹರಿಯುತ್ತದೆ. ಎರಡು ಬಲೆ ಹರಿದರೆ ಮೂರನೆಯ ದಿನ ಟ್ರಾಲರು ಅತ್ತ ಮುಖ ಹಾಕುವುದಿಲ್ಲ. ದೋಣಿ ಮತ್ತೆ ನೀರಿಗೆ ಬೀಳುತ್ತದೆ. ಅವೇ ಬಂಡೆಗಳನ್ನು ಹೊಳೆಬಾಯಿಯ ಕೆಸರಿನಲ್ಲಿ ಇಳಿಸಿದರೆ ತಿಂಗಳೊಳಗೆ ಹೂತುಹೋಗುತ್ತವೆ. ಕಾಗದದಲ್ಲಿ ಮುನ್ನೂರು ಮನೆಗಳಿರುತ್ತವೆ, ಧಣಿಯ ಬಲೆ ಮೊದಲಿನಂತೆ ಓಡಾಡುತ್ತದೆ. ಎಲ್ಲಿ ಇಳಿಸುವುದೆಂಬುದರ ಮೇಲೆ ನಮ್ಮೆಲ್ಲರ ಅನ್ನ ನಿಂತಿತ್ತು. ಇದು ನನಗೆ ಚೆನ್ನಾಗಿ ತಿಳಿದಿತ್ತು. ತಿಳಿದೂ ನಾನು ಕೆಸರನ್ನು ಗಟ್ಟಿ ಎಂದೆ. ಏಕೆಂದು ಹೇಳಬೇಕಾದರೆ ಕುರ್ಚಿಯ ವಿಷಯ ಎತ್ತಬೇಕು.

ನನ್ನನ್ನು ಎಲ್ಲರೂ ಮಣ್ಣುನಾಲಿಗೆ ಎಂದು ಕರೆಯುತ್ತಾರೆ. ಅಪ್ಪನಿಗೂ ಅಜ್ಜನಿಗೂ ಅದೇ ಹೆಸರು. ಒನಕೆಯ ತುದಿಯಂತಿರುವ ಸೀಸದ ಗುಂಡೊಂದು ನಮ್ಮ ಮನೆತನದ ಏಕೈಕ ಚರಾಸ್ತಿ. ಅದರ ಅಡಿಯಲ್ಲಿ ಸಣ್ಣ ಕುಳಿಯಿದೆ. ಕುಳಿಗೆ ನೆನೆದ ಸಬೂನು ತುಂಬಿ, ಹಗ್ಗ ಕಟ್ಟಿ, ನೀರಿಗೆ ಬಿಟ್ಟರೆ ತಳದ ಮಣ್ಣು ಸಬೂನಿಗೆ ಅಂಟಿಕೊಂಡು ಮೇಲೆ ಬರುತ್ತದೆ. ಎಂಟು ಮಾರು ಆಳದ ಆ ಮಣ್ಣು ಎಲ್ಲಿಯದಾದರೂ ಒಂದೇ ಬೂದಿ ಬಣ್ಣ. ಬೆರಳಿಗೂ ಭೇದ ತಿಳಿಯದು. ಹಲ್ಲಿಗೆ ಮಾತ್ರ ತಿಳಿಯುತ್ತದೆ. ಚಿಟಿಕೆ ಬಾಯಿಗೆ ಹಾಕಿಕೊಂಡು ಮುಂದಿನ ಹಲ್ಲಿನಲ್ಲಿ ಅರೆದಾಗ ಕರಕರ ಎಂದರೆ ಕೆಳಗೆ ಮರಳಿದೆ, ತಳ ಗಟ್ಟಿ. ಕರಕರ ಎನ್ನದೆ ಬೆಣ್ಣೆಯಂತೆ ಜಾರಿದರೆ ಕೆಸರು. ಅಲ್ಲಿ ಲಂಗರೂ ನಿಲ್ಲದು. ಸಬೂನಿನ ರುಚಿಯನ್ನು ಬೇರೆ ಮಾಡಿ ಮಣ್ಣಿನ ರುಚಿಯನ್ನು ಹಿಡಿಯುವುದು ಮೂರು ತಲೆಮಾರಿನ ವಿದ್ಯೆಯೆಂದು ನಾನು ಬೀಗುತ್ತಿದ್ದೆ. ಲೋಕದಲ್ಲಿ ಕೆಲವರು ವೇದವನ್ನು ಬಾಯಲ್ಲಿ ಧರಿಸುತ್ತಾರೆ. ನಾವು ಧರಿಸಿದ್ದು ಇದು.

ಅಪ್ಪನಿಗೆ ಓದು ಬರುತ್ತಿರಲಿಲ್ಲ. ದೊಡ್ಡವರ ಮನೆಯಲ್ಲಿ ಪುರಾಣ ಓದುವಾಗ ಗೋಡೆಯ ಈಚೆ ನಿಂತು ಕೇಳಿ ಕಲಿತಿದ್ದ. ಗೋಡೆ ದಪ್ಪವಾಗಿದ್ದುದರಿಂದ ಅರ್ಧ ಮಾತ್ರ ಕೇಳಿಸುತ್ತಿತ್ತು. ಉಳಿದರ್ಧವನ್ನು ದೋಣಿಯಲ್ಲಿ ಕುಳಿತು ತಾನೇ ತುಂಬುತ್ತಿದ್ದ. ಸಮುದ್ರ ಕಡೆದ ಕತೆಯನ್ನು ಅವನು ಹೇಳುತ್ತಿದ್ದ ಬಗೆ ಹೀಗೆ: “ದೇವ್ರುಗಳೂ ರಾಕ್ಷಸ್ರೂ ಸೇರಿ ಅಷ್ಟು ದೊಡ್ಡ ಬೆಟ್ಟ ಹೊತ್ಕೊಂಡು ಬಂದ್ರು ಮಗ. ತಳ ನೋಡ್ಲೇ ಇಲ್ಲ. ಇಳಿಸಿದ್ರು. ಗುಳಕ್ ಅಂತ ಹೋಯ್ತು. ನಮ್ಮಂಥೋನು ಒಬ್ಬ ಇದ್ದಿದ್ರೆ ಮೊದ್ಲು ಗುಂಡು ಬಿಟ್ಟು ನೆಕ್ಕಿ ನೋಡ್ತಿದ್ದ. ಆಮೇಲೆ ಪಾಪ, ದೇವ್ರೇ ಆಮೆಯಾಗಿ ಕೆಳಗೆ ಹೋಗಿ ಬೆನ್ನು ಕೊಡಬೇಕಾಯ್ತು.” ಅಪ್ಪನ ಕಣ್ಣಿನಲ್ಲಿ ಅವತಾರವೆಂದರೆ ನಮ್ಮ ಕೆಲಸವನ್ನು ನಮ್ಮನ್ನು ಕೇಳದೆ ಮಾಡಿದ್ದರ ಫಲ.

ಆ ಕೆಲಸಕ್ಕೆ ನನ್ನನ್ನು ಕೇಳಿದರು. ಬಂಡೆ ಇಳಿಸುವ ಜಾಗದ ತಳ ಗಟ್ಟಿಯಾಗಿದೆಯೆಂದು ಅನುಭವಸ್ಥ ಬೆಸ್ತನೊಬ್ಬನು ಪರೀಕ್ಷಿಸಿ ಹೇಳಿಕೆ ಕೊಡಬೇಕೆಂದು ಕಡತದಲ್ಲಿ ನಿಯಮವಿತ್ತು. ಪ್ರಯೋಗಾಲಯದ ವರದಿಗೆ ಕಾಯಲು ಸಮಯವಿರಲಿಲ್ಲವಂತೆ. ಹೊಳೆಬಾಯಿಯಲ್ಲಿ ಗುಂಡು ಬಿಟ್ಟು, ಸಬೂನಿನ ಸಮೇತ ಮೀನುಗಾರಿಕೆ ಇಲಾಖೆಯ ಆಫೀಸಿಗೆ ಹೋದೆ. ಬಾಗಿಲ ಹೊರಗೆ ಕುಕ್ಕರುಗಾಲಿನಲ್ಲಿ ಕುಳಿತೆ. ಅದು ನನ್ನ ಜಾಗ.

“ಅಯ್ಯೋ ಅಲ್ಲ್ಯಾಕೆ ಕೂತ್ರಿ? ಒಳಗೆ ಬನ್ನಿ” ಎಂದರು ಸಾಹೇಬರು. “ಇಲ್ಲಿ, ಕುರ್ಚಿ ಮೇಲೆ ಕೂತ್ಕೊಳ್ಳಿ.”

ಐವತ್ತೆರಡು ವರ್ಷಗಳಲ್ಲಿ ನನ್ನನ್ನು ಯಾರೂ ಬಹುವಚನದಲ್ಲಿ ಕರೆದಿರಲಿಲ್ಲ. ಹಿಂದೆ ಇನ್ಯಾರೋ ಇದ್ದಾರೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಕುರ್ಚಿಗೆ ಕೈಗಳಿದ್ದವು, ಬೆನ್ನಿಗೆ ಮೆತ್ತೆಯಿತ್ತು. ಮೊದಲು ಅಂಚಿನಲ್ಲಿ ಕುಳಿತೆ. ಆಮೇಲೆ ಸ್ವಲ್ಪ ಹಿಂದಕ್ಕೆ ಸರಿದೆ. ಮೆತ್ತೆ ನನ್ನ ಬೆನ್ನನ್ನು ಮುಟ್ಟಿದಾಗ, ಇನ್ನು ಸತ್ತರೂ ಚಿಂತೆಯಿಲ್ಲವೆನ್ನಿಸಿತು. ಪಿಂಗಾಣಿ ಬಟ್ಟಲಿನಲ್ಲಿ ಚಹಾ ಬಂತು. ಎದುರಿಗೆ ಧಣಿಯವರೂ ಕುರ್ಚಿಯಲ್ಲಿ ಕುಳಿತಿದ್ದರು. ಇಬ್ಬರ ಮಂಡಿಗಳೂ ಒಂದೇ ಎತ್ತರದಲ್ಲಿದ್ದವು.

“ನೋಡಿ ಹೇಳಿ” ಎಂದರು ಸಾಹೇಬರು.

ಚಿಟಿಕೆ ಮಣ್ಣನ್ನು ಬಾಯಿಗೆ ಹಾಕಿಕೊಂಡೆ. ಅರೆದೆ. ಬೆಣ್ಣೆ. ಬೆಣ್ಣೆಗೂ ಅಷ್ಟು ನುಣುಪಿರುವುದಿಲ್ಲ. ಧಣಿಯವರು ನನ್ನನ್ನು ನೋಡಿ ಮುಗುಳ್ನಕ್ಕರು. ಗೆಳೆಯನನ್ನು ನೋಡಿ ನಗುವಂತೆ ನಕ್ಕರು. ಕೆಸರು ಎಂದರೆ ಎದ್ದು ನಿಲ್ಲಬೇಕಾಗುತ್ತದೆಂದು ನನಗೆ ಹೊಳೆಯಿತು. ಚಹಾ ಇನ್ನೂ ಅರ್ಧವಿತ್ತು.

“ಗಟ್ಟಿ ಸಾಹೇಬ್ರೆ” ಎಂದೆ.

ಬಾಯಲ್ಲಿದ್ದುದನ್ನು ಉಗಿಯಲು ಆ ಕೋಣೆಯಲ್ಲಿ ಜಾಗವಿರಲಿಲ್ಲ. ನೆಲಕ್ಕೆ ಹಾಸುಗಲ್ಲು, ಮೂಲೆಯಲ್ಲಿ ಹೂಕುಂಡ. ನುಂಗಿಬಿಟ್ಟೆ. ಮೇಲೆ ಚಹಾ ಕುಡಿದೆ. ಸಕ್ಕರೆ ಹೆಚ್ಚಾಗಿತ್ತು.

ಮನೆಗೆ ಬಂದಾಗ ಹೆಂಡತಿ ಒಲೆಯ ಮುಂದೆ ಕುಳಿತಿದ್ದಳು.

“ಏನಂದೆ?”

“ಗಟ್ಟಿ ಅಂದೆ.”

ಅವಳು ಊದುಗೊಳವೆಯನ್ನು ಕೆಳಗಿಟ್ಟು ನನ್ನತ್ತ ತಿರುಗಿದಳು. “ನಾಲಿಗೆ ಬಿದ್ದೋಯ್ತಾ ನಿಂಗೆ?”

“ಕುರ್ಚಿ ಕೊಟ್ರು ಕಣೆ” ಎಂದೆ. ವಿವರಣೆ ಸಾಲದೆನ್ನಿಸಿ, “ಮೆತ್ತೆ ಇತ್ತು” ಎಂದು ಸೇರಿಸಿದೆ.

“ಕುರ್ಚಿ” ಎಂದಳು ಅವಳು. ಅದು ಅವಳು ನನಗೆ ಆಡಿದ ಕೊನೆಯ ಮಾತು. ಅಂದಿನಿಂದ ಮನೆಯ ವ್ಯವಹಾರವೆಲ್ಲ ಬೆಕ್ಕಿನ ಮೂಲಕ ನಡೆಯಿತು. “ಬೆಕ್ಕೇ, ಆ ಗಟ್ಟಿ ಮನುಷ್ಯಂಗೆ ಹೇಳು, ಅನ್ನ ಆರ್ತಾ ಇದೆ.” “ಬೆಕ್ಕೇ, ಮಾಡು ಸೋರೋ ಕಡೆ ಹಾಸ್ಕೊಂಡಿದಾನೆ, ಏಳಕ್ಕೆ ಹೇಳು.” ಬೆಕ್ಕು ಎಂದೂ ಸಂದೇಶ ತಪ್ಪಿಸಲಿಲ್ಲ. ಕ್ರಮೇಣ ಅದೂ ನನ್ನನ್ನು ಸ್ವಲ್ಪ ಕೀಳಾಗಿಯೇ ನೋಡತೊಡಗಿತು.

ಮೊದಲ ನಲವತ್ತು ಬಂಡೆಗಳನ್ನು ಇಳಿಸುವ ದಿನ ಧಣಿಯವರು ದೋಣಿ ಕಟ್ಟುವ ಧಕ್ಕೆಯ ಮೇಲೆ ನಿಂತು ಭಾಷಣ ಮಾಡಿದರು. ಹಿಂದೆ ಸೇತುವೆ ಕಟ್ಟಿದಾಗ ಕಪಿಗಳು ಕಲ್ಲು ಹೊತ್ತವು, ಅಳಿಲು ಕೂಡ ಮರಳು ತಂದಿತು. ಇಂದು ನಮ್ಮದೂ ಒಂದು ಅಳಿಲು ಸೇವೆಯಿರಲಿ, ಆದ್ದರಿಂದ ಯಾರೂ ಮಧ್ಯಾಹ್ನ ಊಟಕ್ಕೆ ಏಳಬಾರದು ಎಂದರು. ನನ್ನ ಪಕ್ಕದಲ್ಲಿ ನಿಂತಿದ್ದ ದೊಡ್ಡಮ್ಮ, ನನ್ನ ತಾಯಿಯ ಅಕ್ಕ, ಹಲ್ಲೊಂದೂ ಇಲ್ಲದ ಬಾಯಿಗೆ ಸೆರಗು ಅಡ್ಡವಿಟ್ಟು, “ಅಳಿಲಿಗೆ ಬೆನ್ನು ಸವರಿದ್ನಂತೆ ದೇವ್ರು. ಈ ಮುಂಡೇಮಗ ಬೆನ್ನಿಗೆ ಒದೀತಾನೆ” ಎಂದಳು. ಬೆನ್ನಿನ ಮೇಲೆ ಮೂರು ಗೆರೆ ಬಿದ್ದಿವೆಯೇ ಎಂದು ನಾನು ಮುಟ್ಟಿ ನೋಡಿಕೊಂಡೆ. ಬೆವರುಸಾಲೆ ಮಾತ್ರ ಇತ್ತು.

ಬಂಡೆಗಳು ಚಪ್ಪಟೆ ತಳದ ಬಾರ್ಜಿನಿಂದ ಒಂದೊಂದಾಗಿ ನೀರಿಗೆ ಹೋದವು. ನನ್ನ ಭಾವಮೈದ ಮುಳುಗುಗಾರ. ಚಿಪ್ಪು ಹೆಕ್ಕಲು ಎಂಟು ಹತ್ತು ಮಾರು ಆಳಕ್ಕೆ ಉಸಿರು ಕಟ್ಟಿ ಹೋಗಿಬರುವವನು. ವಾರದ ಮೇಲೆ ಅವನು ಅಲ್ಲಿ ಮುಳುಗಿ ನೋಡಿ ಬಂದ.

“ಕತ್ತಿನ ತನಕ ಹೋಗಿದೆ ಭಾವ. ಮೇಲಿನ ಕಿಟಕಿ ಮಾತ್ರ ಕಾಣುತ್ತೆ.”

ಇನ್ನೆರಡು ವಾರ ಕಳೆದು ಮತ್ತೆ ಹೋಗಿ ಬಂದ. ಈ ಸಲ ನನ್ನ ಮುಖ ನೋಡದೆ ಅಕ್ಕನ ಕಡೆ ತಿರುಗಿ ಹೇಳಿದ: “ಏನೂ ಇಲ್ಲಕ್ಕ. ಕೈಯಾಡಿಸಿದೆ. ಬರೀ ಕೆಸರು. ನಲವತ್ತೂ ನುಂಗ್ಬಿಟ್ಟಿದೆ.”

“ಬೆಕ್ಕೇ, ಕೇಳ್ದಾ?” ಎಂದಳು ಅವಳು.

ಆ ನಲವತ್ತರಲ್ಲಿ ಪ್ರತಿಯೊಂದಕ್ಕೂ ಕಂಬಿ ಕಟ್ಟಿದವನು ನಾನು. ಜಲ್ಲಿ ಹೊತ್ತವಳು ಅವಳು. ಎರಕದ ಮೇಲೆ ಏಳು ದಿನ ಕೊಡದಿಂದ ನೀರು ಹನಿಸಿದವಳು ದೊಡ್ಡಮ್ಮ. ನಮ್ಮ ಅನ್ನವನ್ನು ನಾವೇ ಎರಕ ಹೊಯ್ದು, ನಾವೇ ನೀರು ಕುಡಿಸಿ ಗಟ್ಟಿ ಮಾಡಿ, ನಾವೇ ಹೊತ್ತು ಹೂತಿದ್ದೆವು. ಬೆಟ್ಟಕ್ಕೆ ಬೆನ್ನು ಕೊಡಲು ಒಂದು ಆಮೆಯಿತ್ತು. ನಮ್ಮ ಬಂಡೆಗಳ ಕೆಳಗೆ ನನ್ನ ಮಾತೊಂದಿತ್ತು. ಅದರ ಗಟ್ಟಿತನ ಇಷ್ಟು.

ಇದಾದ ಮೇಲೆಯೇ ನಾನು ಮೇಸ್ತ್ರಿಯ ಕಿವಿಯಲ್ಲಿ ಪಿಸುಗುಟ್ಟಿ ಬಾಂಡ್ಲಿಯ ಕಾಂಕ್ರೀಟನ್ನು ತೊಡೆಯ ಮೇಲೆ ಹಾಕಿಸಿಕೊಂಡದ್ದು. ಅದು ನನ್ನ ಬಂಡಾಯದ ಮೊದಲ ಅಧ್ಯಾಯ. ಕಾಂಕ್ರೀಟು ಒಣಗುವ ಮುಂಚೆ ತೊಳೆದುಕೊಂಡು ಮತ್ತೆ ಕಂಬಿಗೆ ತಂತಿ ಸುತ್ತಿದೆ. ಎರಡನೆಯ ಅಧ್ಯಾಯವನ್ನು ಬರೆಯುವ ಯೋಜನೆ ನನಗಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಎರಡನೆಯ ಕಂತಿನ ಬಂಡೆಗಳನ್ನು ಬಾರ್ಜಿಗೆ ಏರಿಸುವ ಕೆಲಸ ನಡೆದಿತ್ತು. ಕ್ರೇನು ನಲವತ್ತೊಂದನೆಯದನ್ನು ಧಕ್ಕೆಯಿಂದ ಎತ್ತಿ ನೀರಿನ ಮೇಲಕ್ಕೆ ತಿರುಗಿಸಿತ್ತು. ಅಷ್ಟರಲ್ಲಿ ಜೀಪೊಂದು ಬಂದು ನಿಂತಿತು. ಮೊಳಕಾಲುದ್ದದ ರಬ್ಬರ್ ಬೂಟು ಹಾಕಿದ, ಕನ್ನಡಕಕ್ಕೆ ದಾರ ಕಟ್ಟಿಕೊಂಡ ಹೆಂಗಸೊಬ್ಬರು ಇಳಿದರು. ದೊಡ್ಡ ಆಫೀಸಿನಿಂದ ಬಂದ ಮೇಲಧಿಕಾರಿಯಂತೆ. ಅವರ ಹಿಂದೆ ನಮ್ಮ ಸಾಹೇಬರು ಪುಟ್ಟ ಮಗುವಿನಂತೆ ಕೈಕಟ್ಟಿ ನಡೆದು ಬಂದರು. ಜೊತೆಯಲ್ಲಿದ್ದ ಜವಾನನ ಕೈಯಲ್ಲಿ ಮುಚ್ಚಳ ಹಾಕಿದ ತಗಡಿನ ಡಬ್ಬಿ. ಮುಂಜಾನೆಯೇ ಇಲಾಖೆಯ ದೋಣಿಯಲ್ಲಿ ಹೊಳೆಬಾಯಿಗೆ ಹೋಗಿ, ಹಗ್ಗ ಕಟ್ಟಿದ ಕಬ್ಬಿಣದ ಚಿಪ್ಪಿನಿಂದ ತಳದ ಮಣ್ಣನ್ನು ತಾವೇ ತೆಗೆಸಿದ್ದರಂತೆ.

“ನಿಲ್ಸಿ” ಎಂದರು ಮೇಡಮ್ಮನವರು. ಕ್ರೇನು ನಿಂತಿತು. ಬಂಡೆ ಹಾಗೆಯೇ ಕೊಕ್ಕೆಯಲ್ಲಿ ತೂಗುತ್ತ ಉಳಿಯಿತು. “ತಳ ಪರೀಕ್ಷೆ ಮಾಡಿದೋರು ಯಾರು?”

ಎಲ್ಲರೂ ನನ್ನನ್ನು ನೋಡಿದರು. ನಾನು ಬಹಳ ಹೊತ್ತು ಬೇರೆಯವರನ್ನು ನೋಡಿದೆ. ಕಡೆಗೆ ಮುಂದೆ ಬಂದೆ.

ಅವರು ಚೀಲದಿಂದ ಒಂದು ಕಾರ್ಡು ತೆಗೆದು ಗಟ್ಟಿಯಾಗಿ ಓದಿದರು: “‘ನನ್ನ ಗಂಡ ಕುರ್ಚಿ ಸಿಕ್ಕಿತು ಅಂತ ಸುಳ್ಳು ಹೇಳಿದ್ದಾನೆ. ಅದು ಕೆಸರು. ನಲವತ್ತು ಬಂಡೆ ಹೂತು ಹೋದವು. ಅವನನ್ನು ಇನ್ನೊಂದು ಸಲ ಕೇಳಿ. ಈ ಸಲ ನಿಲ್ಲಿಸಿ ಕೇಳಿ.’ ಇದು ನಿಮ್ಮ ಹೆಂಡ್ತಿ ಬರೆಸಿದ್ದಾ?”

ಶಾಲೆಯ ಟೀಚರಮ್ಮನಿಂದ ಬರೆಸಿರಬೇಕು. ನಾನು ಹೆಂಡತಿಯ ಕಡೆ ನೋಡಿದೆ. ಅವಳು ಬಾಂಡ್ಲಿಯನ್ನು ಸೊಂಟಕ್ಕೆ ಒತ್ತಿ ನಿಂತಿದ್ದಳು. ನಾಲ್ಕು ತಿಂಗಳು ಬೆಕ್ಕಿನ ಮೂಲಕ ಮಾತಾಡಿದವಳು ಇಲಾಖೆಯೊಡನೆ ನೇರವಾಗಿ ಮಾತಾಡಿದ್ದಳು. ಗಂಡನೆಂಬ ಪದವಿಯಲ್ಲಿ ನನ್ನ ಸ್ಥಾನ ಬೆಕ್ಕಿಗಿಂತ ಕೆಳಗೆ, ಸರ್ಕಾರಕ್ಕಿಂತಲೂ ಕೆಳಗೆ ಎಂದು ಆಗ ಖಚಿತವಾಯಿತು.

“ಹೌದು ಅನ್ಸುತ್ತೆ” ಎಂದೆ.

“ನೋಡಿ, ನಾನು ಸ್ಪಷ್ಟವಾಗಿ ಹೇಳ್ತೀನಿ” ಎಂದರು ಅವರು. “ಪ್ರಯೋಗಾಲಯದ ವರದಿ ಬರೋ ಹೊತ್ತಿಗೆ ಮುನ್ನೂರೂ ನೀರಲ್ಲಿರುತ್ತೆ. ಈಗ ನನ್ನ ಕೈಲಿರೋದು ನಿಮ್ಮ ಹೇಳಿಕೆ ಒಂದೇ. ಈಗ ನೀವು ಬೇರೆ ಹೇಳಿದ್ರೆ ಮೊದಲು ಹೇಳಿದ್ದು ಸುಳ್ಳು ಅಂತಾಗುತ್ತೆ. ಸರ್ಕಾರಕ್ಕೆ ಸುಳ್ಳು ಹೇಳಿದ ಕೇಸು ನಿಮ್ಮ ಮೇಲೇ ಬರುತ್ತೆ, ಬೇರೆಯವರ ಮೇಲಲ್ಲ. ಅರ್ಥ ಆಯ್ತಾ? ಯೋಚ್ನೆ ಮಾಡಿ ಹೇಳಿ.”

ಮತ್ತೆ ಬಹುವಚನ. ಈ ಜನ್ಮದಲ್ಲಿ ಎರಡನೆಯ ಸಲ. ಮೊದಲನೆಯದಕ್ಕಿಂತ ಇದು ಅಪಾಯಕಾರಿ ಎಂದು ಕಂಡಿತು.

“ಅಯ್ಯೋ ನಿಲ್ಲಿಸ್ಕೊಂಡೇ ಯಾಕೆ ಕೇಳ್ತೀರಿ ಮೇಡಂ, ಬಡವ, ಬಿಸಿಲಲ್ಲಿ” ಎಂದರು ಧಣಿಯವರು, ಧ್ವನಿಯಲ್ಲಿ ಜೇನು ಸುರಿಸುತ್ತ. ಮೇಸ್ತ್ರಿಗೆ ಕಣ್ಸನ್ನೆಯಾಯಿತು. ಅವನು ಶೆಡ್ಡಿನಿಂದ ಧಣಿಯದೇ ಕುರ್ಚಿಯನ್ನು, ಕೈಯಿರುವುದನ್ನು, ಮೆತ್ತೆಯಿರುವುದನ್ನು, ತಂದು ನನ್ನ ಹಿಂದೆ ಇಟ್ಟ. ಧಣಿಯವರು ನನ್ನ ಭುಜದ ಮೇಲೆ ಕೈಯಿಟ್ಟು ಕಿವಿಯ ಬಳಿ ಬಗ್ಗಿದರು. “ಕೂತ್ಕೋ. ನಿನ್ನ ಗುಡಿಸ್ಲು ಯಾರ ಜಾಗದಲ್ಲಿದೆ ಅಂತ ನೆನಪಿಸ್ಕೊಂಡು ಕೂತ್ಕೋ.”

ನನ್ನ ಮಂಡಿಗಳು ನನ್ನನ್ನು ಕೇಳದೆಯೇ ಅರ್ಧ ಬಾಗಿದವು. ಇದನ್ನು ಮರೆಮಾಚಲಾರೆ. ಕುರ್ಚಿಯ ಅಂಚು ತೊಡೆಗೆ ತಗುಲಿತು. ಅಲ್ಲಿ, ನಾಲ್ಕು ದಿನದ ಹಿಂದಿನ ಕಾಂಕ್ರೀಟು ಸುಟ್ಟಿದ್ದ ಚರ್ಮಕ್ಕೆ, ಅದು ಚುರಕ್ಕೆಂದಿತು. ಮಂಡಿಗಳು ತಾವಾಗಿಯೇ ನೆಟ್ಟಗಾದವು. ನನ್ನ ಧೈರ್ಯವನ್ನು ಕುರಿತು ಮುಂದೆ ಯಾರಾದರೂ ಹಾಡು ಕಟ್ಟಿದರೆ ಈ ವಿವರವನ್ನು ಬಿಡದೆ ಸೇರಿಸಬೇಕು.

ಡಬ್ಬಿಯ ಮುಚ್ಚಳ ತೆಗೆದರು. ಬೂದಿ ಬಣ್ಣ. ಎರಡು ಬೆರಳಲ್ಲಿ ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟುಕೊಂಡೆ. ಈ ಸಲ ಸಬೂನಿನ ಕಹಿಯೂ ಇರಲಿಲ್ಲ. ಕಣ್ಣು ಮುಚ್ಚಿ ಹಲ್ಲಿನಿಂದ ಅರೆದೆ. ಒಂದಾದರೂ ಮರಳಿನ ಕಣ ಸಿಕ್ಕಲೆಂದು ದೇವರನ್ನು ಬೇಡಿದೆ. ಒಂದು ಸಿಕ್ಕಿದ್ದರೂ ಗಟ್ಟಿ ಎಂದುಬಿಡುತ್ತಿದ್ದೆ. ಸಿಕ್ಕಲಿಲ್ಲ. ದೇವರು ಆ ಹೊತ್ತು ಅವಳ ಪಕ್ಷದಲ್ಲಿದ್ದ.

ಉಗಿಯಲು ಜಾಗ ಹುಡುಕಿದೆ. ಮುಂದೆ ಮೇಡಮ್ಮನವರ ಬೂಟು, ಎಡಕ್ಕೆ ಧಣಿಯ ಬಿಳಿ ಪಂಚೆ. ತಿರುಗಿ ಕುರ್ಚಿಯ ಮೆತ್ತೆಯ ಮೇಲೆ ಉಗಿದೆ.

“ಕೆಸರು” ಎಂದೆ. “ಅವತ್ತೂ ಕೆಸರೇ. ನುಂಗಿದ್ದೆ.”

ಧಣಿಯ ಕೈ ನನ್ನ ಭುಜದಿಂದ ಕತ್ತಿಗೆ ಬಂತು. “ಕುಡಿದಿದಾನೆ ಮೇಡಂ. ಬೆಳಿಗ್ಗೆಯಿಂದ ಕುಡಿದಿದಾನೆ ಈ ಸೂಳೆಮಗ. ಇವನ ನಾಲ್ಗೆ ಸತ್ತು ಎಷ್ಟೋ ಕಾಲ ಆಯ್ತು.”

ಮೇಡಮ್ಮನವರು ಲೇಖನಿಯ ಟೋಪಿಯನ್ನು ಹಾಕಿದರು. “ಇವರು ಮೊದಲು ಒಂದು ಹೇಳಿದಾರೆ, ಈಗ ಒಂದು ಹೇಳ್ತಿದಾರೆ. ಮಾತು ಬದಲಾಯಿಸೋ ಒಬ್ಬರನ್ನ ನಂಬ್ಕೊಂಡು ನಾನು ಕೆಲಸ ನಿಲ್ಸಕ್ಕಾಗಲ್ಲ.”

ಅವರ ಮಾತು ನ್ಯಾಯವಾಗಿತ್ತು. ನಾನಾಗಿದ್ದರೂ ನನ್ನನ್ನು ನಂಬುತ್ತಿರಲಿಲ್ಲ. ಜವಾನ ಡಬ್ಬಿಗೆ ಮುಚ್ಚಳ ಹಾಕಲು ಬಗ್ಗಿದ.

ಬಾಂಡ್ಲಿ ನೆಲಕ್ಕೆ ಬಿದ್ದ ಸದ್ದಾಯಿತು. ಹೆಂಡತಿ ನಡೆದು ಬಂದಳು. ಜವಾನನ ಕೈಯನ್ನು ಸರಿಸಿ ಡಬ್ಬಿಯಲ್ಲಿ ಬೆರಳದ್ದಿದಳು. ಬಾಯಿಗಿಟ್ಟು, ನಿಧಾನವಾಗಿ, ಬೆಂದ ಅನ್ನದ ಅಗುಳನ್ನು ಪರೀಕ್ಷಿಸುವವಳಂತೆ ಅರೆದಳು. ಕುರ್ಚಿಯ ಮೇಲೆ ಉಗಿದಳು.

“ಕೆಸರು.”

“ಏಯ್, ಯಾವಳೇ ಇವಳು?” ಎಂದರು ಧಣಿಯವರು.

“ಆ ಕಾರ್ಡು ಬರೆಸ್ದೋಳು” ಎಂದಳು.

ಅವಳ ಹಿಂದೆಯೇ ದೊಡ್ಡಮ್ಮ ಬಂದಳು. ಸೊಂಟ ಹಿಡಿದು ಬಗ್ಗಿ, ಹೆಬ್ಬೆರಳಿನ ತುಂಬ ಮಣ್ಣು ತೆಗೆದು ವಸಡಿಗೆ ತಿಕ್ಕಿಕೊಂಡಳು. “ಹಲ್ಲಿಲ್ಲ ಕಣಮ್ಮ ನಂಗೆ” ಎಂದು ಮೇಡಮ್ಮನವರಿಗೆ ವಿವರಿಸಿದಳು. “ಆದ್ರೆ ವಸಡಿಗೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಥೂ. ಕೆಸರು.” ಅವಳ ಗುರಿ ತಪ್ಪಿ ಅರ್ಧ ಮೆತ್ತೆಯ ಮೇಲೆ, ಅರ್ಧ ಮೇಸ್ತ್ರಿಯ ಚಪ್ಪಲಿಯ ಮೇಲೆ ಬಿತ್ತು.

ಭಾವಮೈದ ಬಂದ. ಅರೆದ. ಉಗಿದ. “ಕೆಸರು.” ನೀರು ಹೊರುವ ಹೆಂಗಸು ಬಂದಳು. ಮರಳು ಸೋಸುವ ಗಂಡ ಹೆಂಡಿರು ಬಂದರು. ನಾಲ್ಕು ದಿನದ ಹಿಂದೆ ಧಣಿಯ ಹಾಸ್ಯಕ್ಕೆ ನಕ್ಕಿದ್ದವರೆಲ್ಲ ಅಚ್ಚುಗಳನ್ನು ಬಿಟ್ಟು, ಕೈಯ ಸಿಮೆಂಟನ್ನು ಸೊಂಟಕ್ಕೆ ಒರೆಸಿಕೊಂಡು, ಡಬ್ಬಿಯ ಮುಂದೆ ಸಾಲಾಗಿ ನಿಂತರು. ಯಾರೂ ಕೂಗಲಿಲ್ಲ. ಒಬ್ಬೊಬ್ಬರು ಬರುವುದು, ಬೆರಳದ್ದುವುದು, ಅರೆಯುವುದು, ಉಗಿಯುವುದು, ಆ ಒಂದೇ ಮಾತನ್ನು ಹೇಳಿ ಪಕ್ಕಕ್ಕೆ ಸರಿಯುವುದು.

“ಯಾವನಿಗೂ ನಾಳೆ ಕೆಲಸ ಇಲ್ಲ. ಕೇಳಿಸ್ತಾ? ಒಬ್ಬನಿಗೂ ಇಲ್ಲ” ಎಂದರು ಧಣಿಯವರು.

“ಕೆಸರು” ಎಂದಳು ಸರದಿಯಲ್ಲಿದ್ದವಳು, ಅದೇ ಉತ್ತರವೆಂಬಂತೆ.

ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂದ ಗುಪ್ತವಿದ್ಯೆ, ಮೂರು ತಲೆಮಾರಿನ ಹೆಮ್ಮೆ, ಅರ್ಧ ಗಂಟೆಯಲ್ಲಿ ಮೂವತ್ತು ಬಾಯಿಗಳಿಗೆ ಹೋಯಿತು. ಒಬ್ಬರೂ ತಪ್ಪು ಹೇಳಲಿಲ್ಲ. ಎಲ್ಲರಿಗೂ ಮೊದಲಿನಿಂದಲೂ ನಾಲಿಗೆಯಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ.

ಸಾಲಿನ ಕೊನೆಯಲ್ಲಿ ಕ್ರೇನಿನವನು ನಿಂತಿದ್ದ. ಒಳನಾಡಿನವನು, ಬಂದು ತಿಂಗಳಾಗಿತ್ತು. ಕ್ರೇನಿನಿಂದ ಅವನು ಇಳಿದದ್ದನ್ನು ಯಾರೂ ಗಮನಿಸಿರಲಿಲ್ಲ. ಮಣ್ಣನ್ನು ಬಾಯಿಗಿಟ್ಟು ಮುಖ ಹಿಂಡಿದ.

“ನಂಗೇನೂ ಗೊತ್ತಾಗ್ತಿಲ್ಲಜ್ಜಿ. ಬರೀ ಉಪ್ಪು.”

“ಹಲ್ಲಿಗೆ ಕರಕರ ಅಂತಾ?” ಎಂದು ದೊಡ್ಡಮ್ಮ ಕೇಳಿದಳು.

ಅವನು ಮತ್ತೊಮ್ಮೆ ಅರೆದು ನೋಡಿದ. “ಇಲ್ಲ.”

“ಹಾಗಾದ್ರೆ ಉಗಿ.”

ಅವನು ಉಗಿದ. ಮೆತ್ತೆಯ ಬಣ್ಣ ಯಾವುದಾಗಿತ್ತೆಂದು ಆ ಹೊತ್ತಿಗೆ ಹೇಳಲಾಗುತ್ತಿರಲಿಲ್ಲ.

“ಲೇ, ಹತ್ತೋ ಮೇಲೆ. ಇಳಿಸೋ ಅದನ್ನ” ಎಂದರು ಧಣಿಯವರು. ಕ್ರೇನಿನವನು ಕೀಲಿಯನ್ನು ಜೇಬಿನೊಳಗೆ ತಳ್ಳಿ, ತುಟಿಯನ್ನು ತೋಳಿಗೆ ಒರೆಸಿಕೊಂಡು, ನಮ್ಮವರು ನಿಂತಿದ್ದ ಕಡೆಗೆ ಹೋಗಿ ನಿಂತ.

ಮೇಡಮ್ಮನವರು ಲೇಖನಿಯ ಟೋಪಿಯನ್ನು ಮತ್ತೆ ತೆಗೆದಿದ್ದರು. ಬರೆಯುತ್ತಿದ್ದರೋ, ಬರಿದೆ ಹಿಡಿದಿದ್ದರೋ, ನಾನಿದ್ದಲ್ಲಿಂದ ಕಾಣುತ್ತಿರಲಿಲ್ಲ. ಬರೆದರೆ ಮೊದಲನೆಯ ಸಾಲಿನಲ್ಲಿ ನನ್ನ ಕೇಸು ಇರುತ್ತದೆ. ಹೆಂಡತಿ ಕೊಡದಿಂದ ಒಂದು ಚೊಂಬು ನೀರು ಬಗ್ಗಿಸಿ ನನ್ನ ಮುಂದೆ ಹಿಡಿದಳು. ಬೆಕ್ಕು ಎಲ್ಲಿಯೂ ಇರಲಿಲ್ಲ.

“ಬಾಯಿ ತೊಳ್ಕೋ” ಎಂದಳು.

ತೊಳೆದುಕೊಂಡೆ. ಎಷ್ಟು ಮುಕ್ಕಳಿಸಿದರೂ ನೀರು ಬೂದಿ ಬಣ್ಣದ್ದಾಗಿಯೇ ಬರುತ್ತಿತ್ತು. ನಲವತ್ತೊಂದನೆಯ ಬಂಡೆ ಧಕ್ಕೆಗೂ ಬಾರ್ಜಿಗೂ ನಡುವೆ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಗಾಳಿ ಅದರ ಹನ್ನೆರಡು ಕಿಟಕಿಗಳ ಒಳಗೂ ಹೊರಗೂ ಆಡುತ್ತಿತ್ತು. ಕೆಳಗೆ ಅದರ ನೆರಳು ನೀರಿನ ಮೇಲೆ ಬಿದ್ದಿತ್ತು, ಮುಳುಗಿರಲಿಲ್ಲ.